ಕೈಯಾರೆ ಕಡಲ ಪಾಠ: ಚಟುವಟಿಕೆ ಯಾವಾಗ ಕಲಿಸುತ್ತದೆ, ಯಾವಾಗ ದಾರಿ ತಪ್ಪಿಸುತ್ತದೆ

ಕಡಲಿನ ಬಗ್ಗೆ ಶಾಲೆಗಳಲ್ಲಿ ಬಹಳ ಮಾಡಿಸುವ ಪ್ರಯೋಗ ಒಂದಿದೆ. ಚಿಪ್ಪೊಂದನ್ನು ವಿನೆಗರ್‌ನಲ್ಲಿ ಮುಳುಗಿಸುತ್ತಾರೆ. ಗುಳ್ಳೆಗಳೇಳುತ್ತವೆ, ಮರುದಿನದ ಹೊತ್ತಿಗೆ ಚಿಪ್ಪು ಸವೆದು ತೆಳ್ಳಗಾಗಿರುತ್ತದೆ. ‘ಕಡಲು ಆಮ್ಲೀಯವಾದರೆ ಹೀಗೇ ಆಗುತ್ತದೆ’ ಎಂಬ ಮಾತಿನೊಂದಿಗೆ ಪಾಠ ಮುಗಿಯುತ್ತದೆ. ಮಕ್ಕಳು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ತೊಂದರೆಯೂ ಅಲ್ಲಿಯೇ ಇದೆ, ಏಕೆಂದರೆ ಅವರ ನೆನಪಿನಲ್ಲಿ ಉಳಿಯುವ ಚಿತ್ರ ತಪ್ಪು.

ಕೈಗಾರಿಕಾ ಯುಗಕ್ಕೆ ಮೊದಲು ಕಡಲಿನ ಮೇಲ್ಪದರದ ಸರಾಸರಿ ಪಿಎಚ್ ಸುಮಾರು 8.2 ಇತ್ತು, ಈಗ ಸುಮಾರು 8.1 ಇದೆ. (ಪಿಎಚ್ ಎಂದರೆ ಆಮ್ಲ, ಕ್ಷಾರಗಳ ಅಳತೆ. 7ಕ್ಕಿಂತ ಕೆಳಗಿದ್ದರೆ ಆಮ್ಲೀಯ, ಮೇಲಿದ್ದರೆ ಕ್ಷಾರೀಯ.) ವಿನೆಗರ್‌ನ ಪಿಎಚ್ 2.5ರ ಆಸುಪಾಸು. ಪಿಎಚ್‌ನಲ್ಲಿ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ವಿನೆಗರ್ ಇಂದಿನ ಕಡಲ ನೀರಿಗಿಂತ ಸುಮಾರು 4 ಲಕ್ಷ ಪಟ್ಟು ಹೆಚ್ಚು ಆಮ್ಲೀಯ. ಕಡಲ ನೀರು ಇಂದಿಗೂ ಕ್ಷಾರೀಯವೇ ಆಗಿದೆ. ನಿಜವಾದ ಸಂಕಟ ಇನ್ನೂ ಸೂಕ್ಷ್ಮವಾದದ್ದು. 0.1ರ ಇಳಿಕೆಯೆಂದರೆ ಹೈಡ್ರೋಜನ್ ಅಯಾನುಗಳಲ್ಲಿ ಸುಮಾರು 26% ಏರಿಕೆ. ಅದರಿಂದ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಅಯಾನುಗಳು ಕಡಿಮೆಯಾಗುತ್ತವೆ, ಚಿಪ್ಪು ಮತ್ತು ಹವಳದ ಗೂಡು ಕಟ್ಟುವ ಜೀವಿಗಳು ಅದೇ ಕೆಲಸಕ್ಕೆ ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ. ಕರಗುವುದಕ್ಕಿಂತ ಮೊದಲು ಕಟ್ಟುವುದೇ ಕಷ್ಟವಾಗುತ್ತದೆ ಎಂಬ ಈ ಅಂಶ ವಿನೆಗರ್ ಲೋಟದಲ್ಲಿ ಕಾಣುವುದೇ ಇಲ್ಲ.

ಕಡಲ ಶಿಕ್ಷಣದ ಬಗ್ಗೆ ಈಗ ಜಗತ್ತಿನೆಲ್ಲೆಡೆ ಮಾತು ಕೇಳಿಬರುತ್ತಿದೆ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಮತ್ತು ಶಿಕ್ಷಕರು ಸೇರಿ ‘ಸಾಗರ ಸಾಕ್ಷರತೆ’ಯ 7 ಮೂಲತತ್ವಗಳನ್ನು ರೂಪಿಸಿದರು. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಸಾಗರ ವಿಜ್ಞಾನದ ದಶಕವೆಂದು ಘೋಷಿಸಿದೆ. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆ (ನೀರು ಬಿಸಿಯಾದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಯಾಗುವುದು) ಅಧಿಕೃತವಾಗಿ ಪ್ರಕಟವಾಯಿತು. ಪಠ್ಯಗಳಲ್ಲಿ ‘ಚಟುವಟಿಕೆ ಆಧಾರಿತ ಕಲಿಕೆ’ಗೆ ಜಾಗ ಸಿಕ್ಕಿರುವುದೂ ಒಳ್ಳೆಯದೇ. ಆದರೆ ಕೈ ಒದ್ದೆಯಾದ ಮಾತ್ರಕ್ಕೆ ಪಾಠ ತಲೆಗೆ ಹತ್ತುವುದಿಲ್ಲ. ಅಳತೆ, ಹೋಲಿಕೆ ಮತ್ತು ಮೊದಲೇ ಬರೆದಿಟ್ಟ ಊಹೆ, ಈ ಮೂರೂ ಇದ್ದಾಗ ಚಟುವಟಿಕೆ ವಿಜ್ಞಾನವಾಗುತ್ತದೆ. ಅವಿಲ್ಲದಿದ್ದರೆ ಅದು ಚಂದದ ಪ್ರದರ್ಶನವಷ್ಟೇ. ಇನ್ನು ಸಂರಕ್ಷಣೆಯ ವಿಷಯದಲ್ಲಂತೂ ತಪ್ಪು ಕಲಿತ ಮಕ್ಕಳು ಮುಂದೆ ತಪ್ಪು ಪರಿಹಾರಗಳನ್ನೇ ನೆಚ್ಚಿಕೊಳ್ಳುತ್ತಾರೆ.

ಆಮ್ಲದ ಪಾಠವನ್ನು ಸರಿಪಡಿಸುವುದು

ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಅನಿಲವು ನೀರಿಗಿಳಿದು ಪಿಎಚ್ ಅನ್ನು ತಗ್ಗಿಸುವ ಬಗೆಯನ್ನು ಉಸಿರಿನಿಂದಲೇ ತೋರಿಸಬಹುದು. ಅದಕ್ಕೆ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕ ಬೇಕು. ಪಿಎಚ್ 7.6ಕ್ಕಿಂತ ಮೇಲಿದ್ದರೆ ಅದು ನೀಲಿ, 6ಕ್ಕಿಂತ ಕೆಳಗಿದ್ದರೆ ಹಳದಿ, ನಡುವೆ ಹಸಿರು. ಸೂಚಕ ಹಾಕಿದ ನೀರಿಗೆ ಸ್ಟ್ರಾ ಇಳಿಸಿ ಊದಿದರೆ ಬಣ್ಣ ಬದಲಾಗುತ್ತದೆ. ಇಷ್ಟನ್ನು ಎಲ್ಲರೂ ಮಾಡಿಸುತ್ತಾರೆ.

ಎಡವುವುದು ‘ಕಡಲ ನೀರು’ ತಯಾರಿಸುವಾಗ. ಬರೀ ಉಪ್ಪು ಕರಗಿಸಿದ ನೀರನ್ನೇ ಕಡಲ ನೀರೆಂದು ಕೊಟ್ಟರೆ ಅದು ಸಿಹಿನೀರಿನಷ್ಟೇ ಬೇಗ ಹಳದಿಯಾಗುತ್ತದೆ. ಮಕ್ಕಳು ಎರಡಕ್ಕೂ ವ್ಯತ್ಯಾಸವಿಲ್ಲವೆಂದು ಬರೆದುಕೊಳ್ಳುತ್ತಾರೆ. ಕಡಲಿಗೆ ಪಿಎಚ್ ಬದಲಾವಣೆಯನ್ನು ತಡೆದುಕೊಳ್ಳುವ ಶಕ್ತಿ ಬರುವುದು ಉಪ್ಪಿನಿಂದಲ್ಲ, ಅದರಲ್ಲಿ ಕರಗಿರುವ ಬೈಕಾರ್ಬೊನೇಟ್‌ನಿಂದ. ಆದ್ದರಿಂದ ಮೂರು ಬೀಕರ್ ಇಡಬೇಕು. ಮೊದಲನೆಯದರಲ್ಲಿ ಬಟ್ಟಿ ಇಳಿಸಿದ ನೀರು. ಎರಡನೆಯದರಲ್ಲಿ 35 ಗ್ರಾಂ ಉಪ್ಪಿಗೆ 965 ಗ್ರಾಂ ಬಟ್ಟಿ ಇಳಿಸಿದ ನೀರು ಸೇರಿಸಿ ಮಾಡಿದ ದ್ರಾವಣ. ಮೂರನೆಯದರಲ್ಲಿ ಅದೇ ಉಪ್ಪುನೀರಿಗೆ ಲೀಟರಿಗೆ 0.2 ಗ್ರಾಂನಂತೆ ಅಡುಗೆ ಸೋಡಾ. ಶಾಲೆಯ ತಕ್ಕಡಿಯಲ್ಲಿ 0.2 ಗ್ರಾಂ ತೂಗುವುದು ಆಗದ ಕೆಲಸ. 2 ಗ್ರಾಂ ಸೋಡಾವನ್ನು ಕರಗಿಸಿ 100 ಮಿಲೀ ದ್ರಾವಣ ಮಾಡಿ, ಅದರಲ್ಲಿ 10 ಮಿಲೀ ತೆಗೆದು ಒಂದು ಲೀಟರಿಗೆ ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ. ಪ್ರತಿ ಬೀಕರ್‌ಗೂ 100 ಮಿಲೀ ನೀರು, 10 ಹನಿ ಸೂಚಕ ಸಾಕು.

ಇಲ್ಲಿ ಇನ್ನೂ ಎರಡು ಕಡೆ ಎಚ್ಚರವಿರಬೇಕು. ಬಟ್ಟಿ ಇಳಿಸಿದ ನೀರು ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿರುವುದರಿಂದ ಸೂಚಕ ಹಾಕಿದ ಕೂಡಲೇ ಹಸಿರಾಗಿಯೋ ಹಳದಿಯಾಗಿಯೋ ಕಾಣಬಹುದು. ಮೊದಲ ಎರಡು ಬೀಕರ್‌ಗಳಿಗೆ ಅತಿ ತೆಳು ಅಡುಗೆ ಸೋಡಾ ದ್ರಾವಣವನ್ನು ಹನಿಹನಿಯಾಗಿ ಹಾಕಿ, ನೀಲಿ ಮೂಡಿದ ತಕ್ಷಣ ನಿಲ್ಲಿಸಬೇಕು. ಬಟ್ಟಿ ನೀರಿನ ಬದಲು ನಲ್ಲಿ ನೀರೋ ಕೊಳವೆಬಾವಿಯ ನೀರೋ ಬಳಸಿದರೆ ಫಲಿತಾಂಶ ತಲೆಕೆಳಗಾಗಬಹುದು. ಗಡಸು ನೀರಿನಲ್ಲಿ ಕೆಲವೊಮ್ಮೆ ಕಡಲಿಗಿಂತಲೂ ಹೆಚ್ಚು ಬೈಕಾರ್ಬೊನೇಟ್ ಇರುತ್ತದೆ.

ಸ್ಟ್ರಾದ ಮೇಲ್ಭಾಗದಲ್ಲಿ ಪಿನ್ನಿನಿಂದ ಸಣ್ಣ ತೂತು ಮಾಡಿದರೆ ಮಗು ಅಕಸ್ಮಾತ್ ಒಳಗೆಳೆದರೂ ದ್ರಾವಣ ಬಾಯಿಗೆ ಬರುವುದಿಲ್ಲ. ಒಬ್ಬರೇ ಮೂರೂ ಬೀಕರ್‌ಗೆ ಒಂದೇ ವೇಗದಲ್ಲಿ ಊದಬೇಕು, ಇನ್ನೊಬ್ಬರು ಸೆಕೆಂಡ್ ಎಣಿಸಬೇಕು. ಹಸಿರಾಗಲು ಎಷ್ಟು ಹೊತ್ತು, ಹಳದಿಯಾಗಲು ಎಷ್ಟು ಹೊತ್ತು ಎಂದು ಬೇರೆಬೇರೆಯಾಗಿ ಬರೆಯಬೇಕು. ಮೊದಲೆರಡು ಬೇಗ ಬದಲಾಗುತ್ತವೆ. ಮೂರನೆಯದು ನಿಧಾನ, ಅದು ಹಸಿರು ಹಳದಿಯಲ್ಲೇ ನಿಂತುಬಿಡಲೂಬಹುದು. ಕಡಲು ತಡೆದುಕೊಳ್ಳುತ್ತದೆ, ಆದರೂ ಬದಲಾಗುತ್ತದೆ ಎಂಬುದು ಆ ಸೆಕೆಂಡುಗಳಲ್ಲಿ ಕಾಣುತ್ತದೆ. ನಂತರ ಅಕ್ವೇರಿಯಂ ಪಂಪಿನಿಂದ ಹೊರಗಿನ ಗಾಳಿ ಹಾಯಿಸಿದರೆ ಬಣ್ಣ ನೀಲಿಯತ್ತ ಮರಳುತ್ತದೆ. ಹಾಗಾದರೆ ನಿಜವಾದ ಕಡಲು ಯಾಕೆ ಮರಳುತ್ತಿಲ್ಲ ಎಂದು ಆಗ ಕೇಳಬೇಕು. ಅದರ ಮೇಲಿನ ಗಾಳಿಯಲ್ಲೇ ಇಂಗಾಲದ ಡೈಆಕ್ಸೈಡ್ ಏರುತ್ತಿದೆ ಎಂಬ ಉತ್ತರಕ್ಕೆ ಹೆಚ್ಚಿನ ಮಕ್ಕಳು ತಾವೇ ಬರುತ್ತಾರೆ.

ಊದುವುದು ಬೇಡವೆಂದರೆ ಇನ್ನೊಂದು ದಾರಿಯಿದೆ. ಸೂಚಕ ಹಾಕಿದ ನೀರಿನ ಬಟ್ಟಲನ್ನೂ ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದ ಪುಟ್ಟ ಬಟ್ಟಲನ್ನೂ ಪಕ್ಕಪಕ್ಕ ಇಟ್ಟು ದೊಡ್ಡ ಪಾರದರ್ಶಕ ಡಬ್ಬಿಯನ್ನು ಬೋರಲು ಹಾಕಬೇಕು. ಅನಿಲ ನೀರಿನ ಮೇಲ್ಮೈಯಿಂದ ಇಳಿಯುವುದು, ಮೇಲಿನ ಪದರ ಮೊದಲು ಹಳದಿಯಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ವಿನೆಗರ್‌ನ ಆವಿಯೂ ಆಮ್ಲವೇ. ಬಣ್ಣ ಬದಲಿಸಿದ್ದು ಯಾವುದು ಎಂದು ತಿಳಿಯಲು ಸೋಡಾ ಇಲ್ಲದೆ ಬರೀ ವಿನೆಗರ್ ಇಟ್ಟ ಇನ್ನೊಂದು ಜೋಡಿ ಬೇಕೇ ಬೇಕು. ಆ ಜೋಡಿಯನ್ನು ಕೈಬಿಟ್ಟರೆ ಪ್ರಯೋಗಕ್ಕೆ ಅರ್ಥವೇ ಉಳಿಯದು.

ಪದರ, ಮಂಜು, ಶಾಖ

ಕಡಲ ಪ್ರವಾಹಗಳ ಮೂಲ ಸಾಂದ್ರತೆಯ ವ್ಯತ್ಯಾಸ. ಪಾರದರ್ಶಕ ಪೆಟ್ಟಿಗೆಯ ನಡುವೆ ಅಡ್ಡ ತಡೆಯಿಟ್ಟು, ಒಂದು ಕಡೆ ಬಣ್ಣ ಹಾಕಿದ ಉಪ್ಪುನೀರು, ಇನ್ನೊಂದು ಕಡೆ ಬೇರೆ ಬಣ್ಣದ ಸಿಹಿನೀರು ತುಂಬಿ ತಡೆ ಎತ್ತಿದರೆ ಉಪ್ಪುನೀರು ತಳದಲ್ಲಿ ನುಗ್ಗುತ್ತದೆ. ಎರಡೂ ಕಡೆ ಮಟ್ಟ ಸಮವಿರಬೇಕು, ತಾಪಮಾನ ಒಂದೇ ಇರಬೇಕು, ತಡೆಯನ್ನು ನೇರವಾಗಿ, ನಿಧಾನವಾಗಿ ಎತ್ತಬೇಕು. ಓರೆಯಾಗಿ ಎಳೆದರೆ ನೀರು ಕದಡಿ ಎಲ್ಲ ಬೆರೆತುಹೋಗುತ್ತದೆ. ಎರಡನೇ ಸುತ್ತಿನಲ್ಲಿ ಬಿಸಿ ಮತ್ತು ತಣ್ಣನೆಯ ನೀರು, ಮೂರನೆಯದರಲ್ಲಿ ಬಿಸಿ ಉಪ್ಪುನೀರು ಮತ್ತು ತಣ್ಣನೆಯ ಸಿಹಿನೀರು. ಮೂರನೆಯದಕ್ಕೆ ಮುನ್ನ ಊಹೆ ಬರೆಸಿದರೆ ತರಗತಿ ಎರಡು ಗುಂಪಾಗುವುದು ಬಹುತೇಕ ಖಚಿತ.

ಈ ತೊಟ್ಟಿ ಮಕ್ಕಳ ಆಟಿಕೆಯೇನಲ್ಲ. 1893ರಲ್ಲಿ ಆರ್ಕ್‌ಟಿಕ್‌ನಲ್ಲಿ ನಾರ್ವೆಯ ಅನ್ವೇಷಕ ಫ್ರಿಜೋಫ್ ನಾನ್ಸೆನ್ ಅವರ ಫ್ರಾಮ್ ಹಡಗು ಕಾರಣವೇ ತಿಳಿಯದಂತೆ ವೇಗ ಕಳೆದುಕೊಂಡಿತು. ಸಿಹಿನೀರಿನ ತೆಳು ಪದರ ಉಪ್ಪುನೀರಿನ ಮೇಲಿರುವಾಗ ಹಡಗಿನ ಶಕ್ತಿಯೆಲ್ಲ ಎರಡು ಪದರಗಳ ನಡುವೆ ಅಲೆ ಎಬ್ಬಿಸುವುದರಲ್ಲೇ ವ್ಯರ್ಥವಾಗುತ್ತದೆ ಎಂದು ಸ್ವೀಡನ್ನಿನ ಸಾಗರ ವಿಜ್ಞಾನಿ ವ್ಯಾಗ್ನ್ ವಾಲ್ಫ್ರಿಡ್ ಎಕ್ಮನ್ 1904ರಲ್ಲಿ ಇಂಥದೇ ತೊಟ್ಟಿಯ ಪ್ರಯೋಗಗಳಿಂದ ತೋರಿಸಿಕೊಟ್ಟರು. ಉದ್ದದ ತೊಟ್ಟಿಯಲ್ಲಿ ಪುಟ್ಟ ದೋಣಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ತೂಕ ಇಳಿಬಿಟ್ಟು, ಒಂದೇ ಪದರದ ನೀರಿನಲ್ಲೂ ಎರಡು ಪದರದ ನೀರಿನಲ್ಲೂ ದೋಣಿಗೆ ಹಿಡಿಯುವ ಸಮಯವನ್ನು ಹೋಲಿಸಿದರೆ ಹಿರಿಯ ತರಗತಿಯವರು ಅದನ್ನೇ ಮತ್ತೆ ಮಾಡಬಹುದು.

ಸಮುದ್ರಮಟ್ಟದ ಪಾಠಕ್ಕೆ ಎರಡು ಡಬ್ಬಿಗಳ ಪ್ರಯೋಗ ಸಾಕಷ್ಟು ಪ್ರಸಿದ್ಧ. ಒಂದರಲ್ಲಿ ಮಂಜುಗಡ್ಡೆ ನೀರಿನಲ್ಲಿ ತೇಲುತ್ತದೆ, ಇನ್ನೊಂದರಲ್ಲಿ ಜೇಡಿಮಣ್ಣಿನ ‘ನೆಲ’ದ ಮೇಲೆ ಕೂತಿರುತ್ತದೆ. ಕರಗಿದಾಗ ಮಟ್ಟ ಏರುವುದು ಎರಡನೆಯದರಲ್ಲಿ ಮಾತ್ರ. ಎರಡರಲ್ಲೂ ಮಂಜಿನ ತೂಕ ಒಂದೇ ಇರಬೇಕು, ನೆಲ ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಿರಬೇಕು. ಮಂಜು ಅರ್ಧ ಮುಳುಗಿದ್ದರೆ ಅದು ನೆಲದ ಮಂಜೂ ಅಲ್ಲ, ತೇಲುವ ಮಂಜೂ ಅಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಮಟ್ಟ ಏರುವುದು ಮಂಜು ಕರಗುವುದರಿಂದ ಮಾತ್ರ ಎಂದು ಮಕ್ಕಳು ತಿಳಿಯುತ್ತಾರೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ 1971ರಿಂದ 2018ರವರೆಗಿನ ಏರಿಕೆಯಲ್ಲಿ ಅರ್ಧದಷ್ಟು ಪಾಲು ಬಿಸಿಯಾದ ನೀರು ಹಿಗ್ಗಿದ್ದರದ್ದು.

ಅದನ್ನೂ ತೋರಿಸಬೇಕು. 250 ಮಿಲೀ ಫ್ಲಾಸ್ಕಿಗೆ ಕುದಿಸಿ ಆರಿಸಿದ ಬಣ್ಣದ ನೀರನ್ನು ಅಂಚಿನವರೆಗೆ ತುಂಬಿ, ತೂತಿರುವ ರಬ್ಬರ್ ಬಿರಡೆಯಲ್ಲಿ ತೆಳು ಗಾಜಿನ ಕೊಳವೆ ತೂರಿಸಿ, ಬಿಸಿನೀರಿನ ಪಾತ್ರೆಯಲ್ಲಿ ಇಡಬೇಕು. 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ನೀರು ಸುಮಾರು 1.5 ಮಿಲೀ ಹಿಗ್ಗುತ್ತದೆ. ಕೊಳವೆಯ ಒಳವ್ಯಾಸ 4 ಮಿಮೀ ಇದ್ದರೆ ಅದು 10 ಸೆಂಮೀಗೂ ಹೆಚ್ಚಿನ ಏರಿಕೆಯಾಗಿ ಕಾಣುತ್ತದೆ. ಮೊದಲ ಕೆಲವು ಕ್ಷಣ ಮಟ್ಟ ಇಳಿಯುತ್ತದೆ, ಏಕೆಂದರೆ ನೀರಿಗಿಂತ ಮೊದಲು ಬಿಸಿಯಾಗಿ ಹಿಗ್ಗುವುದು ಗಾಜು. ಇದನ್ನು ಮುಂಚೆಯೇ ತಿಳಿದಿರದ ಶಿಕ್ಷಕರು ಪ್ರಯೋಗ ಕೆಟ್ಟಿತೆಂದು ಅಲ್ಲೇ ಕೈಬಿಡುತ್ತಾರೆ. ನೀರನ್ನು ಕುದಿಸದಿದ್ದರೆ ಕರಗಿದ ಗಾಳಿ ಗುಳ್ಳೆಗಟ್ಟಿ ಮಟ್ಟವನ್ನು ಸುಳ್ಳಾಗಿ ಏರಿಸುತ್ತದೆ.

ತೇಲುವ ಸೂಕ್ಷ್ಮಜೀವಿಗಳು

ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ನಡೆಯುವುದು ಕಡಲಿನಲ್ಲಿ, ಅದರ ಬಹುಭಾಗ ಕಣ್ಣಿಗೆ ಕಾಣದ, ನೀರಿನೊಂದಿಗೆ ತೇಲುವ ಪ್ಲವಕಗಳಿಂದ (ಪ್ಲಾಂಕ್ಟನ್). ಡಾಲ್ಫಿನ್, ತಿಮಿಂಗಿಲಗಳ ಚಿತ್ರಗಳಿಂದ ಪಾಠ ಆರಂಭಿಸುವ ಪದ್ಧತಿಯನ್ನು ತಿರುಗಿಸಿ ಇಲ್ಲಿಂದ ಶುರುಮಾಡುವುದು ಮೇಲು. ಆಹಾರ ಜಾಲದ ಬುಡ ಅರ್ಥವಾದರೆ ತುದಿ ತಾನಾಗಿ ಅರ್ಥವಾಗುತ್ತದೆ.

ಪ್ಲವಕ ಹಿಡಿಯುವ ಬಲೆ ಮಾಡುವುದು ಕಷ್ಟವಲ್ಲ. 30 ಸೆಂಮೀ ವ್ಯಾಸದ ತಂತಿ ಬಳೆ, ಅದಕ್ಕೆ ಆಲಿಕೆಯ ಆಕಾರದಲ್ಲಿ ಹೊಲಿದ ಸಣ್ಣಕಣ್ಣಿನ ನೈಲಾನ್ ಬಟ್ಟೆ, ತುದಿಗೆ ಕಟ್ಟಿದ ಪುಟ್ಟ ಸೀಸೆ. ಸೀಗಡಿಯ ಸಂಬಂಧಿಯಾದ ಪುಟ್ಟ ಕೋಪೆಪಾಡ್‌ನಂಥ ಪ್ರಾಣಿ ಪ್ಲವಕಗಳಿಗೆ 150ರಿಂದ 200 ಮೈಕ್ರಾನ್ ಕಣ್ಣು ಸಾಕು, ಗಾಜಿನಂಥ ಕವಚದ ಏಕಕೋಶ ಪಾಚಿಗಳಾದ ಡಯಾಟಮ್‌ಗಳಿಗೆ 20 ಮೈಕ್ರಾನ್‌ನಷ್ಟು ಸಣ್ಣದು ಬೇಕು. ಹಳೆಯ ಕಾಲುಚೀಲದ ಬಟ್ಟೆ ಎಳೆದಾಗ ಹಿಗ್ಗುವುದರಿಂದ ಅದರ ಕಣ್ಣಿನ ಅಳತೆಯನ್ನು ನೆಚ್ಚುವಂತಿಲ್ಲ. ಬಲೆಯನ್ನು ನಡಿಗೆಗಿಂತ ನಿಧಾನವಾಗಿ, ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಎಳೆಯಬೇಕು. ಜೋರಾಗಿ ಎಳೆದರೆ ನೀರು ಒಳಹೋಗದೆ ಬಾಯಿಯ ಸುತ್ತ ಹೊರಚೆಲ್ಲುತ್ತದೆ, ಜೀವಿಗಳೂ ಜಾರಿಹೋಗುತ್ತವೆ. ಬಾಯಿಯ ವಿಸ್ತೀರ್ಣ 0.07 ಚದರ ಮೀಟರ್. 20 ಮೀಟರ್ ಎಳೆದರೆ ಸುಮಾರು 1,400 ಲೀಟರ್ ನೀರು ಸೋಸಿದಂತೆ. ಈ ಗುಣಾಕಾರವನ್ನು ಮಕ್ಕಳೇ ಮಾಡಿದಾಗ ‘ಒಂದು ಹನಿಯಲ್ಲಿ ಎಷ್ಟೊಂದು’ ಎಂಬ ಬೆರಗು ‘ಒಂದು ಲೀಟರಿನಲ್ಲಿ ಎಷ್ಟು’ ಎಂಬ ಪ್ರಶ್ನೆಯಾಗುತ್ತದೆ. ಮಾದರಿಯನ್ನು ನೆರಳಿನಲ್ಲಿ, ತಂಪಾಗಿ ಇಟ್ಟು ಒಂದೆರಡು ಗಂಟೆಯೊಳಗೆ ನೋಡಬೇಕು. ಬಿಸಿಲಿನಲ್ಲಿಟ್ಟ ಸೀಸೆಯಲ್ಲಿ ಆಮ್ಲಜನಕ ಮುಗಿದು ಎಲ್ಲ ಸತ್ತು ತಳ ಸೇರುತ್ತವೆ.

ಕಡಲಿನಿಂದ ದೂರವಿರುವ ಶಾಲೆಗೆ ಮುಳುಗುವ ಪಂದ್ಯ ಸೂಕ್ತ. ತಲಾ 2 ಗ್ರಾಂ ಮಾಡೆಲಿಂಗ್ ಕ್ಲೇ, ದಾರ, ತೆಳು ತಂತಿ ಕೊಟ್ಟು, ಒಂದು ಲೀಟರಿನ ಅಳತೆ ಜಾಡಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಮುಳುಗುವ ‘ಪ್ಲವಕ’ವನ್ನು ರೂಪಿಸಲು ಹೇಳಬೇಕು. ತೇಲಿದರೆ ಸೋತಂತೆ. ಬಿಡುವ ಮೊದಲು ನೀರಿನೊಳಗೆ ಮುಳುಗಿಸಿ ಗುಳ್ಳೆಗಳನ್ನೆಲ್ಲ ತಟ್ಟಿ ತೆಗೆಯಬೇಕು, ಇಲ್ಲದಿದ್ದರೆ ಗೆಲ್ಲುವುದು ಆಕಾರವಲ್ಲ, ಸಿಕ್ಕಿಕೊಂಡ ಗಾಳಿ. ಮುಳ್ಳು, ತಟ್ಟೆ, ಸರಪಳಿಯಂಥ ಆಕಾರಗಳು ಒಂದೊಂದಾಗಿ ಹುಟ್ಟಿಕೊಳ್ಳುತ್ತವೆ. ಅನಂತರ ನಿಜವಾದ ಡಯಾಟಮ್‌ಗಳ ಚಿತ್ರ ತೋರಿಸಿದರೆ ಆ ಆಕಾರಗಳ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ.

ಬಂಡೆ ತೀರದಲ್ಲಿ ಹಗ್ಗ ಮತ್ತು ಚೌಕ

ಕಡಲ ತೀರದ ಪ್ರವಾಸ ಹೆಚ್ಚಾಗಿ ‘ಏನು ಸಿಕ್ಕಿತು’ ಎಂಬ ಹುಡುಕಾಟವಾಗಿ ಮುಗಿಯುತ್ತದೆ. ಅದೇ ಸಮಯದಲ್ಲಿ ಒಂದು ಅಳತೆ ಟೇಪು ಮತ್ತು ಒಂದು ಚೌಕಟ್ಟಿನಿಂದ ಪರಿಸರ ವಿಜ್ಞಾನದ ಬಹುಮುಖ್ಯ ಪಾಠ ಕಲಿಸಬಹುದು. ಚೌಕಟ್ಟು 50 ಸೆಂಮೀ ಬದಿಯದು, ಪಿವಿಸಿ ಪೈಪಿನದು. ಪೈಪಿಗೆ ತೂತುಗಳಿರಲಿ, ಇಲ್ಲದಿದ್ದರೆ ನೀರಿನಲ್ಲಿ ತೇಲುತ್ತದೆ. 10 ಸೆಂಮೀಗೊಂದರಂತೆ ದಾರ ಕಟ್ಟಿದರೆ 25 ಮನೆಗಳಾಗುತ್ತವೆ, ಒಂದೊಂದು ಮನೆ 4%.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಅತಿ ದೂರ ಸರಿಯುತ್ತದೆ. ಗರಿಷ್ಠ ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ತಲುಪಿ, ಸರಿಯುವ ನೀರನ್ನು ಹಿಂಬಾಲಿಸುತ್ತ ಕೆಲಸ ಮಾಡಿ, ನೀರು ತಿರುಗಿದೊಡನೆ ಮೇಲೆ ಬರಬೇಕು. ಬಹುಪಾಲು ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ನಿನ್ನೆಯ ವೇಳೆಯನ್ನೇ ಇಂದಿಗೂ ನಂಬಿ ಹೋದರೆ ಸುಮಾರು 50 ನಿಮಿಷ ತಪ್ಪುತ್ತದೆ. ಕಡಲಿಗೆ ಬೆನ್ನು ಹಾಕಿ ಯಾರೂ ಕೂರಬಾರದು, ನೀರನ್ನೇ ನೋಡುತ್ತಿರುವ ಕೆಲಸಕ್ಕೆ ಒಬ್ಬ ದೊಡ್ಡವರನ್ನು ಪ್ರತ್ಯೇಕವಾಗಿ ನೇಮಿಸಬೇಕು.

ಟೇಪನ್ನು ಮೇಲಿನ ಉಬ್ಬರದ ಗೆರೆಯಿಂದ ನೀರಿನಂಚಿನವರೆಗೆ ನೇರ ಹಾಸಿ, 2 ಮೀಟರಿಗೊಮ್ಮೆ ಚೌಕಟ್ಟು ಇಡಬೇಕು. ಬಸವನಹುಳು, ಏಡಿಯಂಥವನ್ನು ಎಣಿಸಬೇಕು. ಪಾಚಿ, ಬಂಡೆಗೆ ಅಂಟಿಕೊಂಡೇ ಬದುಕುವ ಚಿಪ್ಪಿನ ಜೀವಿ ಬಾರ್ನಕಲ್‌ನಂಥವು ಶೇಕಡಾ ಎಷ್ಟು ಜಾಗ ಹಿಡಿದಿವೆ ಎಂದು ಅಂದಾಜಿಸಬೇಕು. ಮಕ್ಕಳು ಯಾವಾಗಲೂ ಮಾಡುವ ತಪ್ಪೆಂದರೆ ಚೌಕಟ್ಟನ್ನು ಸ್ವಲ್ಪ ಜರುಗಿಸಿ ‘ಚೆನ್ನಾಗಿರುವ’ ಕಡೆ ಇಡುವುದು. ಟೇಪಿನ ಎಡಕ್ಕೋ ಬಲಕ್ಕೋ, ಎಷ್ಟು ಹೆಜ್ಜೆ ಎಂಬುದನ್ನು ದಾಳ ಹಾಕಿ ನಿರ್ಧರಿಸಿದರೆ ಈ ಆಸೆಗೆ ತಡೆ ಬೀಳುತ್ತದೆ. ಮೊದಲ ಚೌಕವನ್ನು ಇಬ್ಬಿಬ್ಬರು ಪರಸ್ಪರ ತೋರಿಸದೆ ಅಂದಾಜಿಸಲಿ. ಒಬ್ಬರು 30% ಎಂದು, ಇನ್ನೊಬ್ಬರು 55% ಎಂದು ಬರೆದಿದ್ದರೆ ಮುಂದುವರಿಯುವ ಮೊದಲು ಇಬ್ಬರೂ ಕೂತು ಮನೆಗಳನ್ನು ಎಣಿಸಿ ಒಂದು ರೀತಿಗೆ ಬರಬೇಕು.

ಗ್ರಾಫ್ ಬರೆದಾಗ ಪಟ್ಟೆಗಳು ಮೂಡುತ್ತವೆ: ಮೇಲೆ ಕೆಲವು ಜೀವಿಗಳು, ಕೆಳಗೆ ಬೇರೆಯವು. ಯಾಕೆ? ಮೇಲಿನ ಗಡಿಯನ್ನು ಬಿಸಿಲು ಮತ್ತು ಒಣಗುವಿಕೆ ಎಳೆಯುತ್ತವೆ, ಕೆಳಗಿನ ಗಡಿಯನ್ನು ಎಷ್ಟೋ ಸಲ ಇತರ ಜೀವಿಗಳು ಎಳೆಯುತ್ತವೆ. ಸ್ಕಾಟ್ಲೆಂಡಿನ ಕಂಬ್ರೆ ದ್ವೀಪದಲ್ಲಿ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಬಂಡೆಯ ಒಂದು ಭಾಗದಿಂದ ದೊಡ್ಡ ಬಾರ್ನಕಲ್‌ಗಳನ್ನು ಕಿತ್ತುಹಾಕಿ, ಅಲ್ಲಿ ಸಣ್ಣ ಜಾತಿಯೂ ಬದುಕಬಲ್ಲದೆಂದು 1961ರಲ್ಲಿ ಪ್ರಕಟಿಸಿದರು. ಅಮೆರಿಕದ ವಾಯವ್ಯ ತೀರದಲ್ಲಿ ರಾಬರ್ಟ್ ಪೇನ್ ನಕ್ಷತ್ರ ಮೀನುಗಳನ್ನು ತೆಗೆಯುತ್ತ ಬಂದಾಗ 15 ಇದ್ದ ಜಾತಿಗಳು 8ಕ್ಕಿಳಿದವು. ‘ಆಧಾರ ಪ್ರಭೇದ’ದ, ಅಂದರೆ ತಾನಿಲ್ಲದಿದ್ದರೆ ಸುತ್ತಲಿನ ಜೀವಸಮುದಾಯವೇ ಬದಲಾಗಿಬಿಡುವ ಜಾತಿಯ, ಕಲ್ಪನೆ ಹುಟ್ಟಿದ್ದು ಆ ಬಂಡೆಗಳ ಮೇಲೆ. ಅವರು ಬಳಸಿದ ಉಪಕರಣಗಳು ಶಾಲೆಗೆ ನಿಲುಕದವೇನೂ ಆಗಿರಲಿಲ್ಲ. ಆದರೆ ಜೀವಿಗಳನ್ನು ತೆಗೆಯುವ ಪ್ರಯೋಗವನ್ನು ವಿದ್ಯಾರ್ಥಿಗಳು ಮಾಡಬಾರದು, ಅವರಿಗೆ ಎಣಿಕೆಯೇ ಸಾಕು. ತಿರುಗಿಸಿದ ಕಲ್ಲನ್ನು ಮೊದಲಿದ್ದಂತೆಯೇ ಮಗುಚಿಡಬೇಕು. ಅದರ ಅಡಿಯ ಜೀವಿಗಳು ಬಿಸಿಲಿಗೆ ಬಿದ್ದರೆ ಸಾಯುತ್ತವೆ. ಖಾಲಿ ಶಂಖವನ್ನೂ ತರಬಾರದು, ಸನ್ಯಾಸಿ ಏಡಿಗೆ ಅದು ಮನೆ.

ಕಡಲ ಜೀವಿಗಳನ್ನು ಮಕ್ಕಳು ಕೈಯಿಂದ ಮುಟ್ಟಿ ನೋಡಲೆಂದು ಇಡುವ ‘ಮುಟ್ಟುವ ತೊಟ್ಟಿ’ಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸಾಲುಗಟ್ಟಿ ನಿಂತ ಮಕ್ಕಳು ಒಬ್ಬೊಬ್ಬರಾಗಿ ನಕ್ಷತ್ರ ಮೀನನ್ನು ಎತ್ತಿ ನೋಡುವುದರಲ್ಲಿ ಪಾಠಕ್ಕಿಂತ ಹಿಂಸೆ ಹೆಚ್ಚು. ಗಾಜಿನ ಬೋಗುಣಿಯಲ್ಲಿ ಬಿಟ್ಟು, ಅಡಿಯಿಂದ ಅದರ ಕೊಳವೆ ಪಾದಗಳ ಚಲನೆಯನ್ನು ಐದು ನಿಮಿಷ ನೋಡಿ ಚಿತ್ರ ಬರೆದರೆ ಮಗುವಿಗೆ ಹೆಚ್ಚು ದಕ್ಕುತ್ತದೆ.

ಕಸ ಹೆಕ್ಕುವುದು, ಕಸ ಎಣಿಸುವುದು

ತೀರ ಸ್ವಚ್ಛತೆ ಅತಿ ಹೆಚ್ಚು ನಡೆಯುವ ಸಂರಕ್ಷಣಾ ಚಟುವಟಿಕೆ. ಚೀಲಗಳ ರಾಶಿಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು, ಇಷ್ಟು ಕಿಲೋ ಕಸ ಎಂದು ವರದಿ ಬರೆದು ಮುಗಿಸುವ ರೂಢಿಯನ್ನು ಬಿಡಬೇಕು. ಒದ್ದೆ ಮರಳು ಮೆತ್ತಿದ ಬಲೆಯೊಂದರ ತೂಕ ಸಾವಿರ ಮುಚ್ಚಳಗಳನ್ನು ಮರೆಮಾಡುತ್ತದೆ. 1986ರಲ್ಲಿ ಟೆಕ್ಸಸ್ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒಹಾರಾ ಆರಂಭಿಸಿ ಮುಂದೆ ಅಂತರರಾಷ್ಟ್ರೀಯವಾದ ಸ್ವಚ್ಛತಾ ಕಾರ್ಯದ ವಿಶೇಷವಿದ್ದದ್ದು ಹೆಕ್ಕಿದ ಒಂದೊಂದು ವಸ್ತುವನ್ನೂ ಪಟ್ಟಿಯಲ್ಲಿ ಗುರುತಿಸಿದ್ದರಲ್ಲಿ. ಐರೋಪ್ಯ ಒಕ್ಕೂಟ 2019ರಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಿರುದ್ಧ ತಂದ ನಿರ್ದೇಶನಕ್ಕೆ ತೀರಗಳಲ್ಲಿ ಅತಿ ಹೆಚ್ಚು ಎಣಿಕೆಯಾದ ಹತ್ತು ವಸ್ತುಗಳ ಪಟ್ಟಿಯೇ ಆಧಾರ. ಕಾನೂನಿನವರೆಗೆ ತಲುಪಿದ್ದು ಎಣಿಕೆ.

ಆದ್ದರಿಂದ 100 ಮೀಟರ್ ಉದ್ದದ ಒಂದೇ ಜಾಗವನ್ನು ಗುರುತಿಟ್ಟುಕೊಂಡು, ನೀರಿನಂಚಿನಿಂದ ಹಿಂದಿನ ಗಿಡಗಳ ಸಾಲಿನವರೆಗೆ ಪಟ್ಟಿಪಟ್ಟಿಯಾಗಿ ನಡೆದು, 2.5 ಸೆಂಮೀಗಿಂತ ದೊಡ್ಡದನ್ನೆಲ್ಲ ವಸ್ತುವಾರು ಎಣಿಸಬೇಕು. ಅದಕ್ಕಿಂತ ಸಣ್ಣವು ಒಬ್ಬರ ಕಣ್ಣಿಗೆ ಬಿದ್ದರೆ ಇನ್ನೊಬ್ಬರಿಗೆ ಬೀಳುವುದಿಲ್ಲ. ಎಷ್ಟು ಜನ, ಎಷ್ಟು ನಿಮಿಷ ಎಂದೂ ಬರೆಯಬೇಕು. ಇಪ್ಪತ್ತು ಜನರ ಎಣಿಕೆಯನ್ನು ಐದು ಜನರದರೊಂದಿಗೆ ಹಾಗೆಯೇ ಹೋಲಿಸಲಾಗದು. ಒಡೆದ ಬಾಟಲಿಯ ಹತ್ತು ಚೂರು ಒಂದೋ ಹತ್ತೋ ಎಂಬ ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಎಲ್ಲ ತೆಗೆದು ನಾಲ್ಕು ವಾರದ ನಂತರ ಮತ್ತೆ ಬಂದರೆ ಹೊಸದಾಗಿ ಬಂದು ಬಿದ್ದದ್ದೆಷ್ಟು ಎಂದು ತಿಳಿಯುತ್ತದೆ. ದಡಕ್ಕೆ ಬಿದ್ದ ಕಡಲಕಳೆಯನ್ನು ಮುಟ್ಟಬಾರದು. ಅದು ಕಸವಲ್ಲ, ಮರಳಿನಲ್ಲಿ ಕುಪ್ಪಳಿಸುವ ಪುಟ್ಟ ಜೀವಿಗಳಿಗೂ ಹಕ್ಕಿಗಳಿಗೂ ಅದರಿಂದಲೇ ಆಹಾರ.

5 ಮಿಮೀಗಿಂತ ಸಣ್ಣ ಪ್ಲಾಸ್ಟಿಕ್ ಹುಡುಕುವುದಕ್ಕೆ ಇನ್ನೂ ಹೆಚ್ಚಿನ ಶಿಸ್ತು ಬೇಕು. ಲೀಟರ್ ನೀರಿಗೆ 360 ಗ್ರಾಂ ಉಪ್ಪು ಹಾಕಿ ಬಿಸಿಮಾಡಿ ಕರಗಿಸಿ, ಆರಿಸಿ, ಆ ಉಪ್ಪುನೀರನ್ನೇ ಮೊದಲು ಸೋಸಬೇಕು. ಉಪ್ಪಿನಲ್ಲೇ ಪ್ಲಾಸ್ಟಿಕ್ ಕಣಗಳಿರಬಹುದು. 100 ಗ್ರಾಂ ಒಣ ಮರಳಿಗೆ 300 ಮಿಲೀ ಈ ನೀರು ಹಾಕಿ ಎರಡು ನಿಮಿಷ ಕಲಕಿ, ಒಂದು ಗಂಟೆಯಾದರೂ ಬಿಟ್ಟು, ಮೇಲಿನ ನೀರನ್ನು ಸೋಸು ಕಾಗದಕ್ಕೆ ಸುರಿದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಈ ದ್ರಾವಣದ ಸಾಂದ್ರತೆ ಸುಮಾರು 1.2 (ಬರೀ ನೀರಿನದು 1). ಪಾಲಿಥೀನ್, ಪಾಲಿಪ್ರೊಪಿಲೀನ್, ನೈಲಾನ್ ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಮತ್ತು ಪಿವಿಸಿ 1.3ಕ್ಕೂ ಮೇಲಿರುವುದರಿಂದ ಮರಳಿನಲ್ಲೇ ಉಳಿಯುತ್ತವೆ. ಬಂದ ಸಂಖ್ಯೆ ಯಾವಾಗಲೂ ಕನಿಷ್ಠ ಅಂದಾಜು ಎಂದು ಮಕ್ಕಳು ಬರೆಯಬೇಕು.

ಇಲ್ಲಿ ಎರಡು ಪರೀಕ್ಷೆಗಳು ಕಡ್ಡಾಯ. ಮೊದಲನೆಯದು, ಶುದ್ಧ ಮರಳಿಗೆ ಬಣ್ಣದ 10 ಪಾಲಿಥೀನ್ ಚೂರು ಬೆರೆಸಿ ಅದೇ ವಿಧಾನದಲ್ಲಿ ಎಷ್ಟು ಮರಳಿ ಸಿಗುತ್ತವೆ ನೋಡುವುದು. ಆರೇ ಸಿಕ್ಕರೆ ವಿಧಾನ ಹಿಡಿಯುತ್ತಿರುವುದು 60% ಮಾತ್ರ. ಎರಡನೆಯದು, ಕೆಲಸ ನಡೆಯುವಷ್ಟು ಹೊತ್ತು ಪಕ್ಕದಲ್ಲಿ ಒದ್ದೆ ಸೋಸು ಕಾಗದವೊಂದನ್ನು ಬರಿದೇ ತೆರೆದಿಡುವುದು. ಅದರ ಮೇಲೂ ನಾರುಗಳು ಬೀಳುತ್ತವೆ, ಮಕ್ಕಳ ಪಾಲಿಯೆಸ್ಟರ್ ಉಡುಪಿನಿಂದಲೇ ಬೀಳುತ್ತವೆ. ಆ ಎಣಿಕೆಯನ್ನು ಕಳೆಯದೆ ಪ್ರಕಟಿಸುವ ಶಾಲಾ ವರದಿ ತರಗತಿಯ ಬಟ್ಟೆಯನ್ನು ಕಡಲ ಕಸವೆಂದು ಎಣಿಸಿದಂತೆ.

ಮಣಿಗಳಲ್ಲಿ ಮೀನುಗಾರಿಕೆ, ಅಂಕಿಗಳಲ್ಲಿ ಹವಳ

ಅತಿ ಮೀನುಗಾರಿಕೆಯ ಪಾಠಕ್ಕೆ ನೀರೂ ಬೇಡ. ನಾಲ್ವರ ಗುಂಪಿಗೆ ಒಂದು ಬಟ್ಟಲು, ಅದರಲ್ಲಿ 40 ಮಣಿ. ಒಂದು ಋತುವಿನಲ್ಲಿ ಒಬ್ಬರು 8ರವರೆಗೆ ತೆಗೆಯಬಹುದು, 2 ಸಿಗದವರು ಆಟದಿಂದ ಹೊರಗೆ. ಋತುವಿನ ಕೊನೆಗೆ ಉಳಿದದ್ದು ಇಮ್ಮಡಿಯಾಗುತ್ತದೆ, ಆದರೆ 40 ಮೀರುವುದಿಲ್ಲ. ಮೊದಲ ಸುತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಎಲ್ಲರೂ 8 ತೆಗೆದರೆ ಉಳಿಯುವುದು 8, ಇಮ್ಮಡಿಸಿ 16, ಮುಂದಿನ ಋತುವಿಗೆ ಬಟ್ಟಲು ಬರಿದು. ಒಟ್ಟು ಹಿಡಿದದ್ದು 48. ತಲಾ 5 ತೆಗೆದಿದ್ದರೆ 20 ಉಳಿದು ಮತ್ತೆ 40 ಆಗುತ್ತಿತ್ತು, ಆರು ಋತುಗಳಲ್ಲಿ 120 ಸಿಗುತ್ತಿತ್ತು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮಕ್ಕಳು ಮನುಷ್ಯರೇ ದುರಾಸೆಯವರೆಂದು ಕಲಿತು ಏಳುತ್ತಾರೆ. ಎರಡನೇ ಸುತ್ತು ಆಡಿಸಲೇಬೇಕು: ಮಾತಾಡಲಿ, ನಿಯಮ ಮಾಡಿಕೊಳ್ಳಲಿ, ಮುರಿದವರಿಗೆ ದಂಡವನ್ನೂ ಅವರೇ ಗೊತ್ತುಮಾಡಲಿ. ಜನರು ತಾವೇ ನಿಯಮ ಕಟ್ಟಿಕೊಂಡು ಹಂಚಿಕೆಯ ಸಂಪನ್ಮೂಲಗಳನ್ನು ತಲೆಮಾರುಗಟ್ಟಲೆ ಉಳಿಸಿಕೊಂಡ ಉದಾಹರಣೆಗಳನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಮೂರನೇ ಸುತ್ತಿನಲ್ಲಿ ಶಿಕ್ಷಕರು ಯಾರಿಗೂ ಹೇಳದೆ ಬೆಳವಣಿಗೆಯನ್ನು ಒಂದೂವರೆ ಪಟ್ಟಿಗೆ ಇಳಿಸಬೇಕು, ಬಟ್ಟಲನ್ನು ಮುಚ್ಚಿಡಬೇಕು. ತಲಾ 5ರ ‘ಸುರಕ್ಷಿತ’ ನಿಯಮ ಪಾಲಿಸಿದರೂ ಸಂಖ್ಯೆ 40ರಿಂದ 30ಕ್ಕೆ, ಅಲ್ಲಿಂದ 15ಕ್ಕೆ ಕುಸಿಯುತ್ತದೆ, ಮೂರನೇ ಋತುವಿನಲ್ಲಿ ಹಂಚಲು ಸಾಲುವುದಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1992ರಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದು ಸುಮಾರು 30,000 ಜನ ಕೆಲಸ ಕಳೆದುಕೊಂಡರು. ನೀರಿನಲ್ಲಿರುವ ಮೀನಿನ ಸಂಖ್ಯೆಯನ್ನು ಹೆಚ್ಚಾಗಿ ಅಂದಾಜಿಸಿದ್ದು ಅದಕ್ಕೊಂದು ಕಾರಣ. ಮುಚ್ಚಿದ ಬಟ್ಟಲಿನೊಂದಿಗೆ ಆಡಿದವರಿಗೆ ಆ ಸುದ್ದಿ ಸುಲಭವಾಗಿ ಅರ್ಥವಾಗುತ್ತದೆ.

ಹವಳದ ಬಿಳಿಚುವಿಕೆಯನ್ನು ತರಗತಿಯಲ್ಲಿ ಜೀವಂತವಾಗಿ ತೋರಿಸಲಾಗದು, ತೋರಿಸಲೂಬಾರದು. ಅದಕ್ಕೆ ಅಂಕಿಗಳೇ ಸಾಮಗ್ರಿ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾದ ಕೋರಲ್ ರೀಫ್ ವಾಚ್ ವಿಭಾಗ ಸಮುದ್ರದ ಮೇಲ್ಮೈ ತಾಪಮಾನವನ್ನು ಉಚಿತವಾಗಿ ಒದಗಿಸುತ್ತದೆ. ಒಂದು ಜಾಗದ ಅತಿ ಬಿಸಿ ತಿಂಗಳ ಸರಾಸರಿಯನ್ನು ಮೀರಿದ ಪ್ರಮಾಣ 1 ಡಿಗ್ರಿ ಅಥವಾ ಹೆಚ್ಚಿದ್ದರೆ ಮಾತ್ರ ಆ ವಾರವನ್ನು ಲೆಕ್ಕಕ್ಕೆ ಹಿಡಿದು, 12 ವಾರಗಳ ಮೊತ್ತ ಹಾಕಬೇಕು. ಸರಾಸರಿ 29 ಡಿಗ್ರಿ ಇರುವಲ್ಲಿ ನಾಲ್ಕು ವಾರ 30.2, 30.5, 29.8, 31 ಎಂದಿದ್ದರೆ 1.2, 1.5, 0, 2 ಸೇರಿ 4.7. ಮೊತ್ತ 4 ದಾಟಿದರೆ ಗಣನೀಯ ಬಿಳಿಚುವಿಕೆ, 8 ದಾಟಿದರೆ ತೀವ್ರ ಬಿಳಿಚುವಿಕೆ ಮತ್ತು ಸಾವು ನಿರೀಕ್ಷಿತ. 29.8ರ ವಾರವನ್ನು ಸೇರಿಸಿಬಿಡುವುದು ಮಕ್ಕಳ ಸಾಮಾನ್ಯ ತಪ್ಪು. ಗ್ರಾಫ್ ಕಾಗದದ ಮೇಲೆ ವಾರವಾರವೂ ಕಂಬ ಏರಿಸುತ್ತ ಹೋದರೆ ಬಿಸಿ ಎಷ್ಟು ಎಂಬುದರಷ್ಟೇ ಎಷ್ಟು ದಿನ ಎಂಬುದೂ ಮುಖ್ಯವೆಂದು ತಿಳಿಯುತ್ತದೆ.

ಇಷ್ಟೆಲ್ಲ ಕಲಿತ ಮಕ್ಕಳು ‘ಈಗ ನಾವೇನು ಮಾಡಬೇಕು’ ಎಂದು ಕೇಳುತ್ತಾರೆ. ಘೋಷಣೆಯ ಫಲಕ ಬರೆಸುವುದು ಆ ಪ್ರಶ್ನೆಗೆ ಮಾಡುವ ಅನ್ಯಾಯ. ತೀರದ ಪಟ್ಟಿಯಲ್ಲಿ ಮೇಲಿರುವ ಒಂದು ವಸ್ತುವನ್ನು ಆರಿಸಿ, ಅದು ಶಾಲೆಯ ಕಸದಲ್ಲಿ ದಿನಕ್ಕೆ ಎಷ್ಟು ಬರುತ್ತದೆಂದು ನಾಲ್ಕು ವಾರ ಎಣಿಸಲಿ. ನಂತರ ಒಂದೇ ಒಂದು ಬದಲಾವಣೆ ಮಾಡಿ ಇನ್ನೂ ನಾಲ್ಕು ವಾರ ಎಣಿಸಲಿ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಫಲ ಕೊಟ್ಟದ್ದು ಯಾವುದೆಂದು ತಿಳಿಯದು. ಪರೀಕ್ಷೆ ಅಥವಾ ರಜೆಯ ವಾರ ನಡುವೆ ಬಂದರೆ ಎಣಿಕೆ ತಾನಾಗಿಯೇ ಇಳಿಯುತ್ತದೆ, ಆದ್ದರಿಂದ ಹಾಜರಿದ್ದವರ ಸಂಖ್ಯೆಯಿಂದ ಭಾಗಿಸಿ ತಲಾ ಲೆಕ್ಕ ಬರೆಯಬೇಕು. ಸಂಖ್ಯೆ ಇಳಿಯದಿದ್ದರೆ ಅದನ್ನೂ ಹಾಗೆಯೇ ವರದಿಯಲ್ಲಿ ಹಾಕಿ, ಮುಂದಿನ ವರ್ಷದ ತರಗತಿಗೆ ಅದೇ ದಾಖಲೆ ಪುಸ್ತಕವನ್ನು, ಅದೇ ಕಾಲಂಗಳೊಂದಿಗೆ ಒಪ್ಪಿಸಬೇಕು.